ಶಾಸಕರ ಅಮೃತಹಸ್ತದಿಂದ

ಕೊರೊನಾ ಕಾಲ. ತಾಲೂಕು ಆಸ್ಪತ್ರೆಯ ಉಗ್ರಾಣದಲ್ಲಿ ಪಿಪಿಇ ಕಿಟ್ಟಿನ ಪೆಟ್ಟಿಗೆಗಳು ಸೂರು ಮುಟ್ಟಿದ್ದವು. ಆಂಬುಲೆನ್ಸ್ ಡ್ರೈವರ್ ಚನ್ನವೀರ ಬಾಗಿಲಲ್ಲಿ ನಿಂತಿದ್ದ.

"ಒಂದಾದ್ರೂ ಕೊಡಿ ಸರ್. ಎರಡು ತಿಂಗಳಿಂದ ಬರೀ ಕರ್ಚೀಫು ಕಟ್ಕೊಂಡು ರೋಗಿಗಳನ್ನ ಎತ್ತುತಾ ಇದೀನಿ."

"ಇವೆಲ್ಲ ನಿಮಗೇ ಕಣ್ರೀ." ಆಡಳಿತಾಧಿಕಾರಿ ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. "ಆದ್ರೆ ಶಾಸಕರ ಕೈಯಿಂದಲೇ ವಿತರಣೆ ಆಗ್ಬೇಕು. ಬ್ಯಾನರ್ ಬಂದಿದೆ, ಹಾರಕ್ಕೂ ಹೇಳಿದೀನಿ. ನಾಳೆ ಹನ್ನೊಂದಕ್ಕೆ ಕಾರ್ಯಕ್ರಮ."

"ನಾಳೆ ಅವರು ಬರಲ್ಲ ಸರ್."

"ನಿಮಗ್ಯಾರ್ರೀ ಹೇಳಿದ್ದು?" ಸಾಹೇಬರು ಕೈ ತೆಗೆಯದೆಯೇ ನಕ್ಕರು.

"ಈಗ ತಾನೇ ನಾನೇ ಅವರನ್ನ ಜಿಲ್ಲಾಸ್ಪತ್ರೆಯ ಕೊರೊನಾ ವಾರ್ಡಿಗೆ ಸೇರಿಸಿ ಬಂದೆ ಸರ್. ಪಾಪ, ನಡೆಯೋಕಾಗ್ದೆ ಇದೇ ಹೆಗಲಿಗೆ ಒರಗಿಕೊಂಡಿದ್ರು."