ಕೂಸಿನ ಚಮಚ

ಬೀಟೆ ಮರ ಕೊಯ್ದ ವಾಸನೆ ಬಂದರೆ ಈಗಲೂ ನಾನು ದಾರಿ ಬದಲಿಸುತ್ತೇನೆ.

ಹರಪನಹಳ್ಳಿಯಲ್ಲಿ ಅಪ್ಪನಿಗೆ ಹಿಟ್ಟಿನ ಗಿರಣಿಯಿತ್ತು. ಬಡಗಿ ಬಿಸಾಡಿದ ಬೀಟೆಯ ಚೂರುಗಳನ್ನು ಆಯ್ದು ತಂದು, ಬಿಡುವಿನಲ್ಲಿ ಸೌಟು, ಬಾಚಣಿಗೆ ಕೆತ್ತುವುದು ಅವನ ಹುಚ್ಚು. ಅವ್ವನಿಗೆ ಎಂಟು ತಿಂಗಳು ತುಂಬಿದಾಗ, ಹುಟ್ಟುವ ಕೂಸಿಗೆಂದು ಪುಟ್ಟ ಚಮಚವೊಂದನ್ನು ಕೆತ್ತತೊಡಗಿದ.

“ಕೂಸು ಹುಟ್ಟೋಕ್ಕಿಂತ ಮೊದ್ಲ ಕುಲಾವಿ ಹೊಲಿಬಾರ್ದಲೇ,” ಎಂದಳು ಅಜ್ಜಿ.

“ಇದು ಕುಲಾವಿ ಅಲ್ಲಬೇ, ಚಮಚ,” ಎಂದು ಅಪ್ಪ ನಕ್ಕ.

ಮುಂದಿನ ವಾರ ಒಂದು ಮಧ್ಯಾಹ್ನ ಅವ್ವ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಜ್ಜಿ ಅಪ್ಪನ ಮುಖ ನೋಡಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಚಮಚವನ್ನು ಉಪ್ಪುಕಾಗದದಿಂದ ತಿಕ್ಕತೊಡಗಿದ. ಅದು ಆಗಲೇ ಗಾಜಿನಂತೆ ನುಣುಪಾಗಿತ್ತು.

“ಸಾಕು ಬಿಡಪ್ಪ,” ಎಂದೆ.

“ಇನ್ನೊಂಚೂರು ಒರಟೈತಿ,” ಎಂದ.

ಸಂಜೆಗೆ ಚಮಚದ ತಳದಲ್ಲಿ ತೂತು ಬಿದ್ದಿತು. ಅವನು ತಿಕ್ಕುತ್ತಲೇ ಇದ್ದ.