ಸ್ವಿಚ್ ಒತ್ತದ ಕೆಟಲ್

"ಮಕೋಟೀ, ಪಕ್ಕದ ಮನೆ ಮಂಬೇಲೆ ಬಂದಿದ್ದಾಳೆ. ಕೆಟಲ್ ಇಡು!" ಅತ್ತೆ ಊರಿಗೇ ಕೇಳುವಂತೆ ಕೂಗಿದರು. ಆಮೇಲೆ ಸೊಸೆ ಲಿಂಡೆಲ್ವಾಳ ಹತ್ತಿರ ಬಂದು, "ಇಡು ಅಂದೆ ಅಷ್ಟೆ. ಸ್ವಿಚ್ ಒತ್ತಬೇಡ" ಎಂದು ಪಿಸುಗುಟ್ಟಿದರು.

ಲಿಂಡೆಲ್ವಾಳಿಗೆ ದಿಕ್ಕು ತೋಚಲಿಲ್ಲ. ಹೊಸಿಲು ದಾಟಿ ಬಂದವರಿಗೆಲ್ಲ ಕೇಳದೆಯೇ ಚಹಾ ಕೊಡುವುದು ಮಕೋಟಿಯ, ಅಂದರೆ ಹೊಸ ಸೊಸೆಯ, ಮೊದಲ ಕೆಲಸ. ಒಬ್ಬರು ಬಾಯಾರಿಕೊಂಡು ಹೋದರೂ ಓಣಿಯಲ್ಲೆಲ್ಲ ಅವಳದೇ ಮಾತು. ಹಾಗಂತ ಅತ್ತೆಯ ಮಾತು ಮೀರಲುಂಟೇ?

ಅತ್ತೆಯದು ಹಳೆಯ ಉಪಾಯ. ಮಂಬೇಲೆ ಸರಿಯಾಗಿ ಧಾರಾವಾಹಿ ಶುರುವಾಗುವ ಹೊತ್ತಿಗೇ ವಕ್ಕರಿಸುತ್ತಿದ್ದರು. ಬಾಯಿ ತೆರೆದರೆ ಮುಚ್ಚುವ ಪೈಕಿಯಲ್ಲ. ಅತ್ತೆ ಕೆಟಲ್ ಇಟ್ಟ ಶಾಸ್ತ್ರ ಮಾಡಿ, "ಕರೆಂಟು ವೀಕು, ಇನ್ನೂ ಕುದ್ದಿಲ್ಲ" ಎನ್ನುತ್ತ ಕೂತುಬಿಡುವರು. ಕಾದು ಕಾದು ಸಾಕಾಗಿ ಮಂಬೇಲೆ ಎದ್ದು ಹೋಗುವರು. ಆಗ ಇದ್ದದ್ದು ಸ್ಟೀಲಿನ ಕೆಟಲ್, ಒಳಗಿನ ಗುಟ್ಟು ಒಳಗೇ. ಅದು ಮೊನ್ನೆ ಕೆಟ್ಟುಹೋಗಿ, ಲಿಂಡೆಲ್ವಾಳ ತವರಿನವರು ಉಡುಗೊರೆ ಕೊಟ್ಟ ಗಾಜಿನ ಕೆಟಲ್ ಇವತ್ತೇ ಡಬ್ಬದಿಂದ ಹೊರಬಿದ್ದಿತ್ತು.

"ಅಯ್ಯೋ, ಎಷ್ಟು ಚಂದ ಇದೆ! ಮೀನು ಸಾಕಬಹುದು ಇದ್ರಲ್ಲಿ!" ಮಂಬೇಲೆ ಕುರ್ಚಿ ಎಳೆದುಕೊಂಡು ಕೆಟಲಿನ ಎದುರಿಗೇ ಕೂತರು. "ಅಲ್ಲ ಕಣೆ ಮಾರಾಡೇಬೆ, ಒಂದು ಗುಳ್ಳೆನೂ ಏಳ್ತಿಲ್ಲವಲ್ಲ?" ಎಂದು ಅತ್ತೆಯನ್ನು ಕುಲದ ಹೆಸರು ಹಿಡಿದು ಕೇಳಿದರು.

"ಕರೆಂಟು ವೀಕು," ಎಂದರು ಅತ್ತೆ.

ಮಂಬೇಲೆ ಗಟ್ಟಿಯಾಗಿ ಅರಚುತ್ತಿದ್ದ ಟಿ.ವಿ.ಯನ್ನು ನೋಡಿದರು. ಮತ್ತೆ ಕೆಟಲನ್ನು ನೋಡಿದರು. ಅತ್ತೆ ಗಡಿಬಿಡಿಗೊಂಡರು. "ಈ ಹೊಸ ಸಾಮಾನೆಲ್ಲ ಹೀಗೇ. ನೋಡೋಕಷ್ಟೇ ಚಂದ, ಕೆಲಸಕ್ಕೆ ಬರಲ್ಲ. ಮಕೋಟಿ, ನಾಳೆನೇ ಇದನ್ನ ನಿನ್ನ ತವರಿಗೆ ವಾಪಸ್ ಕಳಿಸಿಬಿಡು."

ಲಿಂಡೆಲ್ವಾಳಿಗೆ ಅಳುವುದೊಂದು ಬಾಕಿ. ಮ್ತಾತಾ ಪೇಟೆಯನ್ನೆಲ್ಲ ಸುತ್ತಿ ಅಮ್ಮ ಆರಿಸಿ ತಂದದ್ದು ಅದು. ಸುಮ್ಮನಿದ್ದರೆ ತವರಿನ ಮಾನ ಹೋಗುತ್ತದೆ, ನಿಜ ಹೇಳಿದರೆ ಅತ್ತೆಯ ಮಾನ. ಅವಳು ತಲೆವಸ್ತ್ರವನ್ನು ಹುಬ್ಬಿನವರೆಗೆ ಎಳೆದುಕೊಂಡು ಮುಂದೆ ಬಂದಳು.

"ಕೆಟಲ್‌ದೇನೂ ತಪ್ಪಿಲ್ಲಮ್ಮ. ಸ್ವಿಚ್ ಒತ್ತೋದನ್ನ ನಾನೇ ಮರೆತುಬಿಟ್ಟೆ," ಎಂದು ಒತ್ತಿಯೇಬಿಟ್ಟಳು.

ನೀಲಿ ದೀಪ ಹತ್ತಿತು. ತಳದಿಂದ ಒಂದು ಗುಳ್ಳೆ ಎದ್ದಿತು, ಇನ್ನೊಂದು, ಆಮೇಲೆ ಗುಂಪು ಗುಂಪಾಗಿ. ಮಂಬೇಲೆ ಮಾತು ಮರೆತು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತರು. ಧಾರಾವಾಹಿಯ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಅತ್ತೆಯ ಕಣ್ಣೂ ಕೆಟಲಿನ ಮೇಲೆಯೇ ಇತ್ತು.

ಲಿಂಡೆಲ್ವಾ ಮಂಡಿಯೂರಿ ಕೊಟ್ಟ ಚಹಾವನ್ನು ಮಂಬೇಲೆ ಊದಿ ಊದಿ ಕುಡಿದು ಮುಗಿಸಿದರು. "ಕೆಟಲ್ ಒಳ್ಳೇದಿದೆ ಮಕೋಟಿ. ಕೆಲಸನೂ ಚುರುಕು. ಇನ್ನೊಂದು ಸಲ ಇಡು."

"ಇನ್ನೂ ಬೇಕೇನೇ?" ಅತ್ತೆ ಹೌಹಾರಿದರು.

"ಮತ್ತೆ? ಇಷ್ಟು ವರ್ಷ ಇಲ್ಲಿ ಕುಡೀದೆ ಎದ್ದು ಹೋದ ಚಹಾನೆಲ್ಲ ಯಾರು ಕುಡೀಬೇಕು? ಎಲ್ಲಾ ಮುಗಿಸಿಯೇ ಹೋಗೋದು ನಾನು!"

ಅತ್ತೆಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆಮೇಲೆ ನಗು ತಡೆಯಲಾಗದೆ ಬಿದ್ದೂ ಬಿದ್ದೂ ನಕ್ಕರು. ಕಣ್ಣೊರೆಸಿಕೊಂಡು ಟಿ.ವಿ. ಆರಿಸಿದರು. "ಮಕೋಟಿ, ಇದು ಎಲ್ಲಿಗೂ ಹೋಗಲ್ಲ, ಇಲ್ಲೇ ಇರಲಿ," ಎನ್ನುತ್ತ ಎದ್ದು, ಕೆಟಲನ್ನು ಕಂಠಮಟ್ಟ ತುಂಬಿಸಿ, ಮಂಬೇಲೆಗೆ ಕಾಣುವಂತೆ ಎತ್ತಿ ಹಿಡಿದು ತೋರಿಸಿ, ತಾವೇ ಸ್ವಿಚ್ ಒತ್ತಿದರು.