ನೂರ ನಲವತ್ತು ಹೆಜ್ಜೆ

ಪಾರ್ಸ್ಲೋ ಇಂಗ್ಲೆಂಡಿನಿಂದ ಅಮೆರಿಕೆಗೆ ಬಂದು ಒಂದು ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸುವ ಕೆಲಸ ಹಿಡಿದಿದ್ದ. ಎರಡು ವರ್ಷದಿಂದ ಅವನ ಕಣ್ಣು ಮಂಜಾಗುತ್ತ ಬಂದು, ಈಗ ಎದುರಿಗೆ ನಿಂತವರೂ ಬರೀ ನೆರಳು. ಅದನ್ನವನು ಯಾರಿಗೂ ಹೇಳಿರಲಿಲ್ಲ. ದಿನಾ ನಸುಕಿನಲ್ಲಿ ಮೈದಾನ ಸುತ್ತಿ, ಚೆಂಡು ಹೊಡೆಯುವ ಜಾಗದಿಂದ ಕುಳಿಯಲ್ಲಿ ನೆಟ್ಟ ಬಾವುಟಕ್ಕೆ ಎಷ್ಟು ಹೆಜ್ಜೆಯೆಂದು ಎಣಿಸಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ಕೆಲಸ ಹೋದರೆ ಗತಿಯಿಲ್ಲ. ಅವನನ್ನೇ ನಂಬಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆಗಲೇ ಹಡಗು ಹತ್ತಿದ್ದರು.

ಅಂದು ಮಧ್ಯಾಹ್ನ ಕ್ಲಬ್ಬಿನ ಕಾರ್ಯದರ್ಶಿ ಹುಲ್ಲಿನ ಮೇಲೆ ಕೋಲೂರುತ್ತ ಬಂದರು.

“ಕಾಲು ಉಳುಕಿತಾ ಸಾಹೇಬ್ರೇ? ಕೋಲು ಹಿಡಿದಿದ್ದೀರಿ,” ಎಂದ ಪಾರ್ಸ್ಲೋ, ಕಣ್ಣು ಕಾಣುತ್ತದೆಂದು ತೋರಿಸಿಕೊಳ್ಳಲು.

“ಹೂಂ, ಏನೋ ಒಂದು. ನಿನಗೆ ಕಣ್ಣು ಕಾಣಲ್ಲ ಅಂತ ಮೆಂಬರುಗಳು ಆಡಿಕೊಳ್ತಿದಾರಪ್ಪ. ನಾನು ನಂಬಲಿಲ್ಲ.”

“ನನ್ನ ಹತ್ರ ಸೋತವರ ಹೊಟ್ಟೆಕಿಚ್ಚು, ಅಷ್ಟೆ.”

“ಹಾಗಾದ್ರೆ ಒಂದು ಹೊಡಿ, ನೋಡೋಣ.”

ನೂರ ನಲವತ್ತು ಹೆಜ್ಜೆ, ತುಸು ಎಡಕ್ಕೆ. ಪಾರ್ಸ್ಲೋ ಬೀಸಿದ. ಚೆಂಡು ಸಿಡಿದ ಸದ್ದಿನಲ್ಲೇ ಏಟು ಸರಿಬಿದ್ದದ್ದು ಅವನಿಗೆ ಗೊತ್ತಾಯಿತು.

“ಎಲ್ಲಿ ಬಿತ್ತು?” ಎಂದರು ಕಾರ್ಯದರ್ಶಿ.

“ಅಗೋ, ಬಾವುಟದ ಬುಡದಲ್ಲೇ ಕೂತಿದೆಯಲ್ಲ! ಕಾಣಲ್ವಾ ನಿಮಗೆ?” ಪಾರ್ಸ್ಲೋ ಎಷ್ಟೋ ದಿನದ ಮೇಲೆ ಬಾಯ್ತುಂಬ ನಕ್ಕ.

ಕಾರ್ಯದರ್ಶಿ ತಮ್ಮ ಕೋಲನ್ನು ಮೆಲ್ಲಗೆ ಅವನ ಕೈಗಿಟ್ಟರು.

ಅದು ಅವನ ತಲೆಗಿಂತ ಎತ್ತರವಿತ್ತು. ತಡವುತ್ತ ಮೇಲೆ ಹೋದ ಬೆರಳಿಗೆ ತುದಿಯಲ್ಲಿ ಬಿಗಿಯಾಗಿ ಸುತ್ತಿದ್ದ ಬಾವುಟ ಸಿಕ್ಕಿತು.